ಮೋಡದಿಂದ ಬೀಳುವ ಗಾಳಿ

ಬೇಸಿಗೆಯ ಸಾಯಂಕಾಲ ಮೋಡ ಕಟ್ಟುತ್ತದೆ, ಗುಡುಗುತ್ತದೆ. ಇನ್ನೇನು ಮಳೆ ಬಂತು ಅನ್ನುವಷ್ಟರಲ್ಲಿ ಭರ್ರನೆ ಗಾಳಿ ಎದ್ದು, ಧೂಳು ಹಾರಿ, ನಾಲ್ಕು ಹನಿಯೂ ಬೀಳದೆ ಎಲ್ಲ ಮುಗಿದುಹೋಗುತ್ತದೆ. ಆಗ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ಗಾಳಿ ಬಂದು ಮೋಡಾನ ಹಾರಿಸ್ಕೊಂಡು ಹೋಯ್ತು.”

ಮಿತ್ರರೇ, ಈ ಮಾತು ಪೂರ್ತಿ ಸರಿಯಲ್ಲ. ಆ ಗಾಳಿ ಬೇರೆಲ್ಲಿಂದಲೋ ಬಂದು ಮೋಡವನ್ನು ಓಡಿಸಿದ್ದಲ್ಲ. ಅದು ಆ ಮೋಡದ ಹೊಟ್ಟೆಯಿಂದಲೇ ಬಂದದ್ದು, ಮೇಲಿನಿಂದ ಕೆಳಕ್ಕೆ ಬಿದ್ದದ್ದು. ಇಂಗ್ಲಿಷಿನಲ್ಲಿ ಇದಕ್ಕೆ ಡೌನ್‌ಬರ್ಸ್ಟ್ ಅಂತ ಹೆಸರು. ಈ ಲೇಖನದ ಮಟ್ಟಿಗೆ ನಾವು ಇದನ್ನು ಇಳಿಗಾಳಿ ಎಂದು ಕರೆಯೋಣ. ಮರ ಮುರಿಯುವುದು, ಶೀಟು ಹಾರಿಸುವುದು, ಕಂಬ ಬಗ್ಗಿಸುವುದು ಬಹಳ ಸಲ ಇದೇ ಗಾಳಿ. ಸುಂಟರಗಾಳಿ ನಮ್ಮ ಕಡೆ ಅಪರೂಪ.

ಗಾಳಿ ಮೇಲಿನಿಂದ ಹೇಗೆ ಬೀಳುತ್ತದೆ ಎನ್ನುವುದನ್ನು ಮೊದಲು ನೋಡೋಣ. ಬಿಸಿಲಿಗೆ ಕಾದ ನೆಲದ ಗಾಳಿ ಹಗುರಾಗಿ ಮೇಲೆ ಹೋಗುತ್ತದೆ. ಅದರಲ್ಲಿರುವ ನೀರಾವಿ ತಣ್ಣಗಾಗಿ ಹನಿಯಾಗಿ ಮೋಡವಾಗುತ್ತದೆ. ಇಷ್ಟನ್ನು ಏಳನೇ ಕ್ಲಾಸಿನವರೂ ಹೇಳುತ್ತಾರೆ. ಗುಡುಗಿನ ಮೋಡ ಮಾತ್ರ ಸಾಮಾನ್ಯದ್ದಲ್ಲ. ಅದರ ತಳ ನೆಲದಿಂದ ಒಂದೆರಡು ಕಿಲೋಮೀಟರ್ ಮೇಲಿದ್ದರೆ, ತಲೆ ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಹೋಗಿರುತ್ತದೆ. ಅಲ್ಲಿ ಹನಿಗಳು ಸೇರಿ ದಪ್ಪವಾಗುತ್ತವೆ, ಆಲಿಕಲ್ಲಾಗುತ್ತವೆ. ಮೇಲೇರುವ ಗಾಳಿ ಎಲ್ಲಿಯವರೆಗೆ ಹೊತ್ತುಕೊಂಡೀತು? ಭಾರ ತಡೆಯಲಾರದೆ ಬಿಟ್ಟುಬಿಡುತ್ತದೆ. ಆಗ ಬೀಳುವ ನೀರು, ಆಲಿಕಲ್ಲು ತನ್ನ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬೀಳುತ್ತದೆ.

ಇದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ನಮ್ಮ ಮನೆಯ ಮಣ್ಣಿನ ಮಡಕೆಯಲ್ಲೇ ಇದೆ. ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ? ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಪಾಠದಲ್ಲಿ ಬರುವ ಗುಪ್ತೋಷ್ಣ ಇದೇ. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿ ಬೇಕು. ಕುದಿಯದೆ ಹಾಗೇ ಆರಿ ಹೋಗುವ ನೀರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಈಗ ಯೋಚನೆ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಮೋಡದ ಕೆಳಗಿನ ಗಾಳಿ ಒಣಕಲು. ಬೀಳುವ ಹನಿಗಳು ದಾರಿಯಲ್ಲೇ ಆರತೊಡಗುತ್ತವೆ. ಶಾಖ ಎಲ್ಲಿಂದ ಸಿಗಬೇಕು? ಸುತ್ತಲಿನ ಗಾಳಿಯಿಂದ. ಆ ಗಾಳಿ ತಣ್ಣಗಾಗುತ್ತದೆ, ತಣ್ಣಗಾದದ್ದು ಭಾರವಾಗುತ್ತದೆ, ಭಾರವಾದದ್ದು ಇನ್ನೂ ಜೋರಾಗಿ ಬೀಳುತ್ತದೆ.

ಗಾಳಿಗೆ ಭಾರವೆಲ್ಲಿದೆ ಅಂತ ನಗಬೇಡಿ. ಬೆಂಗಳೂರಿನಂಥ ಎತ್ತರದ ಊರಲ್ಲೂ ಒಂದು ಘನ ಮೀಟರ್ ಗಾಳಿ ಒಂದು ಕೆ.ಜಿ.ಗಿಂತ ತುಸು ಹೆಚ್ಚೇ ತೂಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಕಿಲೋಮೀಟರ್ ಇರುವ ಗಾಳಿಯ ಮುದ್ದೆಯನ್ನು ಲೆಕ್ಕ ಹಾಕಿ. 100 ಕೋಟಿ ಘನ ಮೀಟರ್, ಅಂದರೆ ಹತ್ತು ಲಕ್ಷ ಟನ್. ಅದು ತಲೆಯ ಮೇಲಿನಿಂದ ಇಳಿಯುವುದು!

ಇಳಿದ ಮೇಲೆ ಏನಾಗುತ್ತದೆ ಅಂತ ತಿಳಿಯಲು ಒಂದು ಬಕೆಟ್ ನೀರು ಸಾಕು. ಗಾರೆ ನೆಲದ ಮೇಲೆ ಎತ್ತರದಿಂದ ಧೊಪ್ ಎಂದು ಸುರಿಯಿರಿ (ಮನೆಯ ಹೊರಗೆ, ಅಮ್ಮನಿಗೆ ಹೇಳಿ). ನೀರು ನೆಲಕ್ಕೆ ಬಡಿದು ಎಂಟು ದಿಕ್ಕಿಗೂ ಚಿಮ್ಮುತ್ತದೆ. ಬಿದ್ದ ಜಾಗಕ್ಕಿಂತ ಅದರ ಅಂಚಿನಲ್ಲೇ ರಭಸ ಹೆಚ್ಚು. ಇಳಿಗಾಳಿಯೂ ಹಾಗೇ. ನೆಲ ಅಡ್ಡ ಬರುವುದರಿಂದ ಮತ್ತೆ ಕೆಳಗೆ ಹೋಗಲಾರದೆ ಪಕ್ಕಕ್ಕೆ ತಿರುಗಿ ಎಲ್ಲ ಕಡೆಗೂ ನುಗ್ಗುತ್ತದೆ. (ಪಕ್ಕದ ಚಿತ್ರ ನೋಡಿ. ನೀಲಿ ಬಾಣ ತಣ್ಣನೆ ಗಾಳಿ, ಕೆಂಪು ಬಾಣ ಬಿಸಿ ಗಾಳಿ.) ಹೀಗೆ ನುಗ್ಗುವ ಗಾಳಿ ಮಳೆಗಿಂತ ಮುಂದೆ ಓಡುತ್ತದೆ. ಆದ್ದರಿಂದಲೇ ಮಳೆಗೆ ಮುಂಚೆ ನಮಗೆ ತಣ್ಣನೆ ಗಾಳಿ ಸಿಗುವುದು, ದೂರದಲ್ಲಿ ನೆಂದ ಮಣ್ಣಿನ ವಾಸನೆ ಬರುವುದು. ಹಾಯ್ ಎನಿಸುವ ಆ ಗಾಳಿ ಮೋಡ ಕಳಿಸಿದ ಓಲೆ. ಹಿಂದೆ ದೊಡ್ಡದು ಬರುತ್ತಿರಬಹುದು.

ಮೊದಲು ಹೇಳಿದ ಮಾತಿಗೂ ಈಗ ಉತ್ತರ ಸಿಗುತ್ತದೆ. ಹನಿಗಳೆಲ್ಲ ದಾರಿಯಲ್ಲೇ ಆರಿಹೋದರೆ ನೆಲಕ್ಕೆ ಮಳೆ ಇಲ್ಲ, ಗಾಳಿ ಮಾತ್ರ. ಮೇಲಾಗಿ, ತಣ್ಣನೆ ಗಾಳಿ ನೆಲದ ಮೇಲೆ ಹರಡಿಕೊಂಡಾಗ ಮೋಡಕ್ಕೆ ಬೇಕಾದ ಬಿಸಿ ಗಾಳಿಯ ದಾರಿ ಕಟ್ಟಿಹೋಗುತ್ತದೆ. ಒಲೆಗೆ ಸೌದೆ ನಿಂತ ಹಾಗೆ. ಮೋಡ ಸಾಯುತ್ತದೆ. ದೊಡ್ಡವರು ನೋಡಿದ್ದು ಸರಿಯಾಗಿಯೇ ಇದೆ, ಗಾಳಿ ಬಂದ ಮೇಲೆ ಮೋಡ ಹೋಯಿತು. ಆದರೆ ಆ ಗಾಳಿ ಮೋಡದ್ದೇ ಮಗು.

ಈಗ ಬೆಂಗಳೂರಿಗೆ ಬರೋಣ. ಈ ಬೇಸಿಗೆ ರಜೆಯಲ್ಲಿ ನಾನು ಚಾಮರಾಜಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದೆ. ನಮ್ಮೂರಲ್ಲಿ ಇದೇ ಗಾಳಿ ಬಂದರೆ ಹೊಲದ ಮೇಲೆ ಹಾದುಹೋಗುತ್ತದೆ. ಅಲ್ಲಿ ಮನೆ ಮನೆಗೂ ಅಂಟಿದ ಬೀದಿ, ಬೀದಿ ತುಂಬ ಜನ, ಜನರ ತಲೆಯ ಮೇಲೆ ಮರ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಇವು 1890ರ ದಶಕದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆಗಳು. 1898ರಲ್ಲಿ ಪ್ಲೇಗ್ ಬಂದಾಗ ಕೋಟೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ಇಂಥ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದರು. ನೇರವಾದ ರಸ್ತೆ, ಅದರ ಎರಡೂ ಬದಿಗೆ ಸಾಲುಮರ. ಮಲ್ಲೇಶ್ವರದಲ್ಲಂತೂ ರಸ್ತೆಗಳ ಹೆಸರೇ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದರೆ ಬೇವು. 1908ರಿಂದ 1932ರವರೆಗೆ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನಿಯ ಕೃಂಬಿಗಲ್ ಅವರು ಒಂದಾದ ಮೇಲೊಂದು ಹೂ ಬಿಡುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಹಾಕಿಸಿದರು. ವರ್ಷದಲ್ಲಿ ಯಾವಾಗ ಹೋದರೂ ಯಾವುದಾದರೂ ಬೀದಿಯಲ್ಲಿ ಹೂವು.

ಆ ಮರಗಳಲ್ಲಿ ಹಲವು ಈ ನೆಲದವಲ್ಲ. ಕತ್ತಿಯಂಥ ಕಾಯಿ ಬಿಡುವ ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂತು, ಮಳೆಮರ ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ. ಚೆನ್ನಾಗಿ ನೆರಳು ಕೊಡುತ್ತವೆ, ಬೇಗ ಬೆಳೆಯುತ್ತವೆ. ಬೇಗ ಬೆಳೆದ ಮರದ ಕೊಂಬೆ ಗಟ್ಟಿ ಇರುವುದು ಕಮ್ಮಿ. ಕೊಡೆಯ ಹಾಗೆ ಅಗಲವಾಗಿ ಹರಡುವುದರಿಂದ ಗಾಳಿಗೆ ಹಾಯಿ ಬಿಚ್ಚಿದಂತೆ ಆಗುತ್ತದೆ. ಬೇಸಿಗೆಯ ಗಾಳಿ ಬರುವ ಹೊತ್ತಿಗೆ ಸರಿಯಾಗಿ ಇವು ಹೊಸ ಎಲೆ, ಹೂವು ತುಂಬಿಕೊಂಡು ನಿಂತಿರುತ್ತವೆ.

ಆದರೆ ಮರವನ್ನೇ ಬೈಯುವುದು ನ್ಯಾಯವಲ್ಲ. ನಾನು ಬಸವನಗುಡಿಯಲ್ಲಿ ಓಡಾಡುವಾಗ ಬುಡಗಳನ್ನೇ ನೋಡುತ್ತಾ ಹೋದೆ. ಎಷ್ಟೋ ಮರಕ್ಕೆ ಕತ್ತಿನವರೆಗೂ ಸಿಮೆಂಟು. ಒಂದು ಕಡೆ ಚರಂಡಿಗೆ ಅಗೆದಿದ್ದಾರೆ, ಇನ್ನೊಂದು ಕಡೆ ಕೇಬಲ್ಲಿಗೆ ಅಗೆದಿದ್ದಾರೆ. ಅಗೆದಾಗಲೆಲ್ಲ ಬೇರು ಕತ್ತರಿಸಿದೆ. ಮೇಲೆ ಕರೆಂಟು ತಂತಿಗೆ ತಾಗುತ್ತದೆಂದು ಒಂದೇ ಪಕ್ಕದ ಕೊಂಬೆ ಕಡಿದಿದ್ದಾರೆ. ಭಾರವೆಲ್ಲ ರಸ್ತೆಯ ಕಡೆಗೆ, ಹಿಡಿತ ಯಾವ ಕಡೆಗೂ ಇಲ್ಲ. ಒಂದು ಕಾಲಿನಲ್ಲಿ ನಿಂತ ಮನುಷ್ಯನನ್ನು ಯಾರಾದರೂ ತಳ್ಳಿದರೆ ಬೀಳದೆ ಏನು ಮಾಡುತ್ತಾನೆ?

ಹಾಗೆ ತಳ್ಳಿದ ದಿನಗಳು ಈಚೆಗೆ ಎಷ್ಟೋ ಬಂದಿವೆ. 2023ರ ಮೇ 21, ಭಾನುವಾರ ಮಧ್ಯಾಹ್ನ ಬೆಂಗಳೂರಿನ ನಡುಭಾಗದಲ್ಲಿ ಗಾಳಿ, ಆಲಿಕಲ್ಲು, ಮಳೆ ಒಟ್ಟಿಗೆ ಬಿದ್ದು, ಹಲವು ಕಡೆ ಮರ ಉರುಳಿದವು. ಕೆ.ಆರ್. ಸರ್ಕಲ್ಲಿನ ಕೆಳಸೇತುವೆಯಲ್ಲಿ ನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. 2024ರ ಜೂನ್ 2, ಅದೂ ಭಾನುವಾರ, ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು, 1891ರಿಂದ ಉಳಿದಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು. ಆ ಸಂಜೆಯ ಗಾಳಿಗೆ ಊರಿನಲ್ಲಿ ನೂರಾರು ಮರ, ಕೊಂಬೆ ಬಿದ್ದವು. ಎಂ.ಜಿ. ರಸ್ತೆ ಮತ್ತು ಟ್ರಿನಿಟಿ ನಡುವೆ ಎತ್ತರದಲ್ಲಿ ಹೋಗುವ ಮೆಟ್ರೊ ಹಳಿಯ ಮೇಲೇ ಮರ ಬಿದ್ದು ರೈಲು ನಿಂತಿತು. 2025ರ ಮೇ 1ರಂದು ಬಸವನಗುಡಿಗೆ ಹತ್ತಿರದ ಕತ್ರಿಗುಪ್ಪೆಯಲ್ಲಿ ಆಟೋದ ಮೇಲೆ ಮರ ಬಿದ್ದು ಚಾಲಕರು ಸತ್ತರು. ದಿನದ ದುಡಿಮೆ ಮಾಡುತ್ತಿದ್ದ ಮನುಷ್ಯ. ಪತ್ರಿಕೆಗಳಲ್ಲಿ ಇದೆಲ್ಲ “ಗಾಳಿ ಮಳೆಗೆ ಬಲಿ” ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮಳೆಯ ಲೆಕ್ಕ ಮಿಲಿಮೀಟರಿನಲ್ಲಿ ಬರೆಯುತ್ತಾರೆ, ಗಾಳಿಯದನ್ನು ಬಿದ್ದ ಮರ ಎಣಿಸಿ ಬರೆಯುತ್ತಾರೆ.

ಗಾಂಧಿ ಬಜಾರಿನಲ್ಲಿ ನಾನೇ ಒಂದು ಸಂಜೆ ನೋಡಿದೆ. ಚಿಕ್ಕಪ್ಪನ ಜೊತೆ ಹಣ್ಣು ತರಲು ಹೋಗಿದ್ದೆ. ಸೆಕೆ ಅಂದರೆ ಸೆಕೆ, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಲಾಲ್‌ಬಾಗಿನ ಕಡೆ ಮೋಡ ಕಪ್ಪಾಗಿತ್ತು. ತಟ್ಟನೆ ತಣ್ಣನೆ ಗಾಳಿ ಬಂತು. ಎಲ್ಲರೂ “ಅಬ್ಬಾ” ಅಂದರು. ಹೂವು ಮಾರುವ ಒಬ್ಬರು ಅಜ್ಜಿ ಮಾತ್ರ ಅಬ್ಬಾ ಅನ್ನಲಿಲ್ಲ. ಮೇಲೆ ಕಟ್ಟಿದ್ದ ಪ್ಲಾಸ್ಟಿಕ್ಕನ್ನು ಸರಸರ ಬಿಚ್ಚಿ ಸುತ್ತಿ, ಹೂವಿನ ಬುಟ್ಟಿ ಎತ್ತಿಕೊಂಡು ಹಿಂದಿನ ಅಂಗಡಿಯ ಮೆಟ್ಟಿಲಿಗೆ ಹೋದರು. ಮರದ ಕೆಳಗೆ ಸೈಕಲ್ ನಿಲ್ಲಿಸಿಕೊಂಡಿದ್ದ ಮೂವರು ಹುಡುಗರನ್ನು ಕೂಗಿದರು: “ಏನ್ರೋ, ಅಲ್ ನಿಂತ್ಕೊಂಡ್ ಏನ್ ನೋಡ್ತಿದೀರಾ, ಈ ಕಡೆ ಬನ್ರೋ!” ಹುಡುಗರು ನಗುತ್ತಲೇ ಬಂದರು. ಚಿಕ್ಕಪ್ಪ ನನ್ನ ಕೈ ಹಿಡಿದು “ಬಾ ಪುಟ್ಟಾ, ಒಳಗೆ ಬಾ” ಅಂತ ಅದೇ ಅಂಗಡಿಗೆ ಎಳೆದುಕೊಂಡರು. ಐದು ನಿಮಿಷವೂ ಆಗಿರಲಿಲ್ಲ. ಧೂಳಿನ ಗೋಡೆಯೇ ಬಂದ ಹಾಗೆ ಬಂತು. ಕಣ್ಣು ಬಿಡಲಾಗಲಿಲ್ಲ. ಲಟಕ್ ಎಂಬ ಸದ್ದು ಕೇಳಿತು. ಧೂಳು ಇಳಿದಾಗ ನೋಡಿದರೆ ನನ್ನ ಸೊಂಟದಷ್ಟು ದಪ್ಪದ ಕೊಂಬೆ, ಅಡಿಯಲ್ಲಿ ಎರಡು ಸೈಕಲ್ಲು. ಅಜ್ಜಿಗೆ ಇಳಿಗಾಳಿ ಅನ್ನುವ ಹೆಸರು ಗೊತ್ತಿಲ್ಲ. ಆ ತಣ್ಣನೆ ಗಾಳಿಗೂ ಈ ಲಟಕ್‌ಗೂ ಮಧ್ಯೆ ಎಷ್ಟು ಹೊತ್ತು ಸಿಗುತ್ತದೆ ಎನ್ನುವುದು ಗೊತ್ತಿದೆ.

ಆರೇಳು ಕಿಲೋಮೀಟರ್ ದೂರದ ಮಲ್ಲೇಶ್ವರದಲ್ಲಿದ್ದ ನಮ್ಮ ನೆಂಟರಿಗೆ ಆ ಸಂಜೆ ಏನೂ ಆಗಿರಲಿಲ್ಲ, ಬಟ್ಟೆ ಒಣಗಿಸುತ್ತಿದ್ದರಂತೆ. ಇದೂ ಇಳಿಗಾಳಿಯ ಗುಣ. ಸಣ್ಣ ಇಳಿಗಾಳಿಯ ಅಗಲ ನಾಲ್ಕು ಕಿಲೋಮೀಟರಿಗಿಂತ ಕಡಿಮೆ. ಅದರ ಜೋರು ಐದರಿಂದ ಹತ್ತು ನಿಮಿಷ.

ಗಾಳಿಯ ಪೆಟ್ಟಿನ ಲೆಕ್ಕ ಗಣಿತದ ಮೇಷ್ಟ್ರಿಗೆ ಇಷ್ಟವಾಗುತ್ತದೆ. ವೇಗ ಎರಡರಷ್ಟಾದರೆ ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಗಂಟೆಗೆ 50 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಸುಮಾರು 11 ಕೆ.ಜಿ. ಒತ್ತುತ್ತದೆ. 100 ಕಿ.ಮೀ. ಆದರೆ 45 ಕೆ.ಜಿ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ತಗಡಿನ ಶೀಟು ಆ ಗಾಳಿಗೆ ಎದುರಾಗಿ ನಿಂತರೆ ಅದರ ಮೇಲೆ 125 ಕೆ.ಜಿ. ಬೀಳುತ್ತದೆ. ಎರಡು ಮೊಳೆ ಹೇಗೆ ತಡೆಯುತ್ತವೆ?

ಮುಂಬೈಯ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಗುಡುಗು ಮೋಡದಿಂದ ಹೊರಬಂದ ಧೂಳು ಗಾಳಿಗೆ ಒಂದು ಜಾಹೀರಾತು ಫಲಕ ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಜನ ಸತ್ತರು. ಆ ಫಲಕ 120 ಅಡಿ ಉದ್ದ, 120 ಅಡಿ ಅಗಲ. ಗಾಳಿ 100 ಕಿ.ಮೀ. ವೇಗದ್ದು ಅಂತ ಇಟ್ಟುಕೊಂಡು ಗುಣಿಸಿ ನೋಡಿ, 60 ಟನ್ ಬರುತ್ತದೆ. ಹತ್ತು ಟನ್ ತುಂಬಿದ ಆರು ಲಾರಿ! ಮಳೆ ಬಂತೆಂದು ಬಂಕಿನ ಚಾವಣಿಯ ಕೆಳಗೆ ನಿಂತವರು, ಪೆಟ್ರೋಲ್ ಹಾಕಿಸಲು ಬಂದವರು ಅಲ್ಲಿದ್ದರು.

ಈ ಗಾಳಿಯನ್ನು ಲೋಕಕ್ಕೆ ತಿಳಿಸಿದವರ ಕಥೆ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅವರ ಹೆಸರು ತೆತ್ಸುಯಾ ಫುಜಿತಾ. 1920ರಲ್ಲಿ ಜಪಾನಿನ ಕ್ಯೂಶು ದ್ವೀಪದಲ್ಲಿ ಹುಟ್ಟಿದರು. 1945ರ ಆಗಸ್ಟ್ 9ರಂದು ಅಮೆರಿಕದ ವಿಮಾನ ಎರಡನೇ ಅಣುಬಾಂಬನ್ನು ಹಾಕಬೇಕಾಗಿದ್ದದ್ದು ಕೊಕುರಾ ಎಂಬ ಊರಿನ ಮೇಲೆ. ಫುಜಿತಾ ಇದ್ದ ಕಾಲೇಜು ಅದರ ಹತ್ತಿರವೇ ಇತ್ತು. ಆ ಬೆಳಿಗ್ಗೆ ಊರಿನ ಮೇಲೆ ಮಬ್ಬು ಮುಸುಕಿ ಗುರಿ ಕಾಣಲಿಲ್ಲ. ವಿಮಾನ ನಾಗಸಾಕಿಗೆ ಹೋಯಿತು. ಮೋಡ ಅವರ ಜೀವ ಉಳಿಸಿತು ಅನ್ನಬಹುದು. ಆಮೇಲೆ ಅವರು ನಾಗಸಾಕಿ, ಹಿರೋಶಿಮಾಗಳಿಗೆ ಹೋಗಿ ನಾಶವನ್ನು ಅಳೆದರು. ಸ್ಮಶಾನದಲ್ಲಿ ಸಮಾಧಿಗಳ ಮುಂದೆ ಹೂವಿಡುವ ಬಿದಿರಿನ ಕೊಳವೆಗಳ ಯಾವ ಪಕ್ಕ ಸುಟ್ಟಿದೆ ಎಂದು ನೋಡಿ, ಬಾಂಬು ಆಕಾಶದಲ್ಲಿ ಎಲ್ಲಿ ಸಿಡಿಯಿತು ಎಂದು ಲೆಕ್ಕ ಹಾಕಿದರು. ಸಿಡಿದ ಜಾಗದ ನೇರ ಕೆಳಗಿನಿಂದ ಸುತ್ತಲೂ ಮರಗಳು ಹೊರಮುಖವಾಗಿ ಮಲಗಿದ್ದವು, ಗಾಡಿಯ ಚಕ್ರದ ಅರೆಕಾಲಿನ ಹಾಗೆ.

ಮುಂದೆ ಅವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಸುಂಟರಗಾಳಿಯ ವಿಜ್ಞಾನಿಯಾದರು. 1974ರ ಏಪ್ರಿಲ್‌ನಲ್ಲಿ ಅಲ್ಲಿ ಎರಡು ದಿನದಲ್ಲಿ 148 ಸುಂಟರಗಾಳಿ ಎದ್ದವು. ಫುಜಿತಾ ವಿಮಾನದಲ್ಲಿ ಮೇಲಿನಿಂದ ನೋಡುತ್ತಾ ಹೋದಾಗ ಒಂದು ಕಾಡಿನಲ್ಲಿ ಮತ್ತೆ ಅದೇ ಚಕ್ರದ ಅರೆಕಾಲು! ಸುಂಟರಗಾಳಿ ತಿರುಚಿ ಬೀಳಿಸುತ್ತದೆ, ಮರಗಳು ಅಡ್ಡಾದಿಡ್ಡಿ ಬೀಳುತ್ತವೆ. ಇಲ್ಲಿ ಹಾಗಿಲ್ಲ. ಮೇಲಿನಿಂದ ಏನೋ ಬಿದ್ದು ಹರಡಿದೆ. ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಕಂಪನಿಯ ವಿಮಾನ ಗುಡುಗು ಮಳೆಯಲ್ಲಿ ನಿಲ್ದಾಣ ಮುಟ್ಟುವ ಮೊದಲೇ ನೆಲಕ್ಕೆ ಬಿದ್ದು 113 ಜನ ಸತ್ತರು. ಫುಜಿತಾ ಅದನ್ನು ಪರಿಶೀಲಿಸಿ ಇದು ಇಳಿಗಾಳಿಯ ಕೆಲಸ ಎಂದರು. ಹಲವು ವಿಜ್ಞಾನಿಗಳು ನಂಬಲಿಲ್ಲ. 1978ರಲ್ಲಿ ಅವರು ರೇಡಾರ್ ಇಟ್ಟು ಕಾದು ಕುಳಿತು ಇಳಿಗಾಳಿಗಳನ್ನು ಹಿಡಿದು ತೋರಿಸಿದರು.

ವಿಮಾನಕ್ಕೆ ಇದು ಯಾಕೆ ಕಂಟಕ? ಸೈಕಲ್ ಹೊಡೆಯುವವರಿಗೆ ಎದುರುಗಾಳಿ ಕಷ್ಟ, ಬೆನ್ನುಗಾಳಿ ಸುಖ. ವಿಮಾನಕ್ಕೆ ತಿರುಗುಮುರುಗು. ಎದುರುಗಾಳಿ ರೆಕ್ಕೆಯನ್ನು ಎತ್ತುತ್ತದೆ. ಇಳಿಯುವ ವಿಮಾನ ಇಳಿಗಾಳಿಯ ಒಂದು ಅಂಚಿಗೆ ಬಂದಾಗ ಎದುರುಗಾಳಿ ಸಿಕ್ಕಿ ಮೇಲೇಳುತ್ತದೆ. ಪೈಲಟ್ ಜೋರು ಕಡಿಮೆ ಮಾಡುತ್ತಾನೆ. ಮರುಕ್ಷಣ ನಡುವೆ ಬಂದು ಗಾಳಿ ಕೆಳಕ್ಕೆ ಒತ್ತುತ್ತದೆ. ಆಮೇಲೆ ಬೆನ್ನುಗಾಳಿ, ರೆಕ್ಕೆಗೆ ಎತ್ತುವ ಬಲವೇ ಇಲ್ಲ. ನೆಲ ಮಾತ್ರ ಹತ್ತಿರದಲ್ಲಿದೆ. 1983ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ವಿಮಾನ ವಾಷಿಂಗ್ಟನ್ ಹತ್ತಿರದ ಆಂಡ್ರ್ಯೂಸ್ ವಾಯುನೆಲೆಯಲ್ಲಿ ಇಳಿದ ಆರೇ ನಿಮಿಷಕ್ಕೆ ಅಲ್ಲಿ ಗಂಟೆಗೆ ಸುಮಾರು 240 ಕಿ.ಮೀ. ವೇಗದ ಇಳಿಗಾಳಿ ಬಡಿಯಿತು. ಈಗ ದೊಡ್ಡ ವಿಮಾನಗಳಲ್ಲಿ ಇದಕ್ಕೆಂದೇ ಎಚ್ಚರಿಕೆಯ ಯಂತ್ರ ಇದೆ, ಪೈಲಟ್‌ಗಳಿಗೆ ತರಬೇತಿ ಇದೆ.

ಬೀದಿಯಲ್ಲಿ ನಡೆಯುವವರಿಗೆ ಅಂಥ ಯಂತ್ರವಿಲ್ಲ. ಹವಾಮಾನ ಇಲಾಖೆ ಮೂರು ಗಂಟೆ ಮುಂಚಿತವಾಗಿ ಗುಡುಗು, ಗಾಳಿಯ ಎಚ್ಚರಿಕೆ ಕೊಡುತ್ತದೆ, ಅದು ಮೊಬೈಲಿನಲ್ಲೂ ಬರುತ್ತದೆ. ಆದರೆ ಯಾವ ಬೀದಿಯ ಯಾವ ಮರ ಎಂದು ಅದು ಹೇಳಲಾರದು. ಅದಕ್ಕೆ ಕಣ್ಣು, ಚರ್ಮ ಎರಡನ್ನೂ ಉಪಯೋಗಿಸಬೇಕು. ಮೋಡದ ಬುಡ ಕಪ್ಪಾಗಿ, ಬೀಸುತ್ತಿದ್ದ ಗಾಳಿ ನಿಂತು ಬಿಗಿದ ಹಾಗಾಗುತ್ತದೆ. ಮೋಡದ ಕೆಳಗೆ ನೆಲ ಮುಟ್ಟದ ಮಳೆಯ ಪರದೆ ಇಳಿಬಿದ್ದಂತೆ ಕಾಣುತ್ತದೆ. ದೂರದಲ್ಲಿ ಧೂಳು ಏಳುತ್ತದೆ. ಆಮೇಲೆ ಮೈಗೆ ತಣ್ಣನೆಯದು ತಾಗುತ್ತದೆ. ಅದು ತಾಗಿತು ಅಂದರೆ ಹನಿ ಬೀಳಲಿ ಅಂತ ಕಾಯಬಾರದು, ಆಗಲೇ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ನಾವೆಲ್ಲ ಮಾಡುವುದು ಇದಕ್ಕೆ ವಿರುದ್ಧ. ಗಾಳಿಯನ್ನು ಅನುಭವಿಸುತ್ತಾ ನಿಂತು, ಹನಿ ಬಿದ್ದ ಮೇಲೆ ಓಡಿ ಮರದ ಕೆಳಗೆ ನಿಲ್ಲುತ್ತೇವೆ. ಗಾಳಿಗೆ ಮರ ಬೀಳುವುದೂ ಸಿಡಿಲು ಮರಕ್ಕೆ ಹೊಡೆಯುವುದೂ ಅದೇ ಹೊತ್ತಿನಲ್ಲಿ. ನೆಂದರೆ ಹೆಚ್ಚೆಂದರೆ ನೆಗಡಿ. ಜಾಹೀರಾತು ಫಲಕ, ತಗಡಿನ ಚಪ್ಪರ, ಬಿರುಕು ಬಿಟ್ಟ ಕಾಂಪೌಂಡ್ ಗೋಡೆ ಇವುಗಳ ಪಕ್ಕವೂ ಬೇಡ. ಬೈಕಿನಲ್ಲಿ ಹೋಗುವ ಅಣ್ಣಂದಿರಿಗೆ ಹೇಳಿ, ಗಾಳಿಗೆ ಮುಂಚೆ ಮನೆ ಸೇರುತ್ತೇನೆ ಅಂತ ಸಾಲುಮರದ ರಸ್ತೆಯಲ್ಲಿ ಓಡಿಸುವುದು ಬೇಡ, ಹತ್ತು ನಿಮಿಷ ನಿಂತರೆ ಸಾಕು.

ಗಾಳಿ ನಿಂತ ಕೂಡಲೇ ಹೊರಗೆ ಓಡಬಾರದು. ಅರ್ಧ ಮುರಿದ ಕೊಂಬೆ ಮೇಲೆ ತೂಗುತ್ತಿರುತ್ತದೆ. ತುಂಡಾದ ತಂತಿ ನೀರಿನಲ್ಲಿ ಬಿದ್ದಿದ್ದರೆ ಹತ್ತಿರ ಹೋಗದೆ, ಬೇರೆಯವರನ್ನೂ ತಡೆದು, ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿಸಬೇಕು. ಈ ನಂಬರು ನಮ್ಮೂರಿಗೂ ಅದೇ.

ನಮ್ಮೂರಿನಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ಫುಜಿತಾ ಕಾಡು ನೋಡಿದ ಹಾಗೆ ನಮಗೆ ಬಾಳೆ ತೋಟ ಇದೆ. ಮುಂದಿನ ಸಲ ಗಾಳಿಗೆ ಬಾಳೆ ಮಲಗಿದರೆ, ತೋಟದವರು ಕಡಿದು ಹಾಕುವ ಮೊದಲೇ ಹೋಗಿ ಗಿಡಗಳ ತಲೆ ಯಾವ ದಿಕ್ಕಿಗಿದೆ ಎಂದು ಬರೆದುಕೊಳ್ಳಿ. ಎರಡು ಮೂರು ತೋಟದ ದಿಕ್ಕು ಸೇರಿಸಿದರೆ ಗಾಳಿ ಎಲ್ಲಿ ಇಳಿಯಿತು ಅಂತ ಗೊತ್ತಾಗುತ್ತದೆ. ಊರಿನ ನಕ್ಷೆಯನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ, ಪೆನ್ಸಿಲಿನಲ್ಲಿ ಬಾಣ ಹಾಕಿ. ದಿಕ್ಸೂಚಿ ವಿಜ್ಞಾನದ ಮೇಷ್ಟ್ರ ಬೀರುವಿನಲ್ಲಿದೆ, ಕೇಳಿದರೆ ಕೊಡುತ್ತಾರೆ.